ಲೂಪಲ್ಲಿ ಗೋಲಿ ಬೀಳದ ಹಾಗೆ ಮಾಡಿದ್ದು: ನನ್ನ ಅನುಭವ

ಮಗಳ ಶಾಲೇಲಿ ಸೈನ್ಸ್ ಎಕ್ಸಿಬಿಷನ್ ಇತ್ತು, ಅಪ್ಪ ರೋಲರ್ ಕೋಸ್ಟರ್ ಲೂಪ್ ಮಾಡೋಣ ಅಂದ್ಲು. ಎಸಿ ಪೈಪಿಗೆ ಸುತ್ತೋ ಕಪ್ಪು ಫೋಮ್ ಟ್ಯೂಬ್ ತಂದು ಬ್ಲೇಡಲ್ಲಿ ಉದ್ದಕ್ಕೆ ಸೀಳಿದ್ರೆ ಎರಡು ಟ್ರ್ಯಾಕ್ ಸಿಗತ್ತೆ, ಗಾಜಿನ ಗೋಲಿ ಅದ್ರಲ್ಲಿ ಚೆನ್ನಾಗಿ ಓಡತ್ತೆ.

15 ಸೆಂ.ಮೀ. ರೇಡಿಯಸ್ಸಿನ ದುಂಡು ಲೂಪ್ ಮಾಡಿದ್ವಿ. ಪಿಯುಸೀಲಿ ಓದಿದ ಲೆಕ್ಕದ ಪ್ರಕಾರ ರೇಡಿಯಸ್ಸಿನ ಎರಡೂವರೆ ಪಟ್ಟು, ಅಂದ್ರೆ 37.5 ಸೆಂ.ಮೀ. ಎತ್ತರದಿಂದ ಬಿಟ್ರೆ ಸಾಕು. ಬಿಟ್ವಿ, ಗೋಲಿ ಅರ್ಧಕ್ಕಿಂತ ಮೇಲೆ ಹತ್ತಿ ನೆತ್ತಿ ಮುಟ್ಟೋ ಮುಂಚೆನೇ ಟ್ರ್ಯಾಕ್ ಬಿಟ್ಟು ಟಪ್ ಅಂತ ಬಿತ್ತು. ದೊಡ್ಡ ಗೋಲಿ ಹಾಕೋಣ ಅಂದ್ಲು ಮಗಳು, ಆದ್ರೆ ಈ ಲೆಕ್ಕದಲ್ಲಿ ತೂಕ ಬರೋದೇ ಇಲ್ಲ, ಎರಡೂ ಕಡೆ ಕ್ಯಾನ್ಸಲ್ ಆಗೋಗತ್ತೆ.

ರಾತ್ರಿ ಕೂತು ಯೋಚನೆ ಮಾಡಿದಾಗ ಹೊಳೀತು, ಆ ಎರಡೂವರೆ ಪಟ್ಟು ಜಾರೋ ವಸ್ತುವಿಗೆ, ಗೋಲಿ ಉರುಳತ್ತಲ್ಲ, ಬೀಳೋವಾಗ ಸಿಗೋ ಶಕ್ತೀಲಿ ಒಂದು ಪಾಲು ಅದು ತಿರುಗೋಕೇ ಖರ್ಚಾಗತ್ತೆ. ಅದನ್ನೂ ಸೇರಿಸಿದ್ರೆ 2.7 ಪಟ್ಟು, 40.5 ಸೆಂ.ಮೀ. ಅಷ್ಟರಿಂದ್ಲೂ ಆಗ್ಲಿಲ್ಲ! ಆಮೇಲೆ ನೋಡಿದ್ರೆ ಗೋಲಿ ಹೋಗೋವಾಗ ಲೂಪೇ ಅಲ್ಲಾಡ್ತಿತ್ತು, ಶಕ್ತಿ ಅಲ್ಲೂ ಸೋರ್ತಿತ್ತು. ಕುರ್ಚಿ ಕಾಲಿಗೆ ಟೇಪ್ ಹಾಕಿ ಬಿಗಿ ಮಾಡಿದ್ಮೇಲೆ 47ಕ್ಕೆ ಪ್ರತಿ ಸಲ ಪಾಸ್.

ನಂಗೆ ತುಂಬಾ ಇಷ್ಟ ಆಗಿದ್ದು ಮುಂದಿನದು. ದುಂಡು ಲೂಪಲ್ಲಿ ಒಂದು ಗಾಡಿ ನೆತ್ತಿ ದಾಟೋಕೆ ಬೇಕಾದಷ್ಟೇ ವೇಗ ಇದ್ರೂ ಲೂಪಿನ ತಳದಲ್ಲಿ ಗಾಡೀಲಿ ಕೂತೋರಿಗೆ 6 ಪಟ್ಟು ತೂಕ ಬೀಳತ್ತೆ, 60 ಕೆಜಿ ಇರೋರಿಗೆ 360 ಕೆಜಿ ಅನ್ಸತ್ತೆ, ಲೂಪನ್ನ ಎಷ್ಟೇ ದೊಡ್ಡದು ಮಾಡಿ ಈ 6 ಬದಲಾಗಲ್ಲ. 1895ರಲ್ಲಿ ಅಮೆರಿಕದ ಕೋನಿ ಐಲ್ಯಾಂಡಲ್ಲಿ ಬಂದ ಫ್ಲಿಪ್ ಫ್ಲ್ಯಾಪ್ ರೈಲ್ವೇದು ಇಂಥ ದುಂಡು ಲೂಪೇ, ಹತ್ತಿದೋರ ಕತ್ತು ನೋಯ್ತಿತ್ತು. ಪರಿಹಾರ ಇರೋದು ಆಕಾರದಲ್ಲಿ, ಕೆಳಗೆ ಅಗಲ, ಮೇಲೆ ಕಿರಿದು, ನೀರಿನ ಹನಿ ಥರ. ವೇಗ ಜಾಸ್ತಿ ಇರೋ ಕಡೆ ತಿರುವು ನಿಧಾನ, ವೇಗ ಕಡಿಮೆ ಇರೋ ಕಡೆ ತಿರುವು ಬಿಗಿ. ಜರ್ಮನಿಯ ಎಂಜಿನಿಯರ್ ವೆರ್ನರ್ ಸ್ಟೆಂಗೆಲ್ ಈ ಆಕಾರಾನ ಲೆಕ್ಕ ಹಾಕಿ ಕೊಟ್ರು, 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ರೆವಲ್ಯೂಷನ್ ಕೋಸ್ಟರಲ್ಲಿ ಅದೇ ಇದೆ.

ನಾವೂ ಅದೇ ಎತ್ತರದ ಲೂಪನ್ನ ಎರಡೂ ಪಕ್ಕದಿಂದ ಒತ್ತಿ ನೆತ್ತೀಲಿ ರೇಡಿಯಸ್ 8 ಸೆಂ.ಮೀ. ಬರೋ ಹಾಗೆ ಕಟ್ಟಿದ್ವಿ. ನೆತ್ತೀಲಿ ತಿರುವು ಬಿಗಿ ಇದ್ರೆ ಗೋಲಿ ಬೀಳದೆ ದಾಟೋಕೆ ಕಡಿಮೆ ವೇಗ ಸಾಕು, ಹಾಗಾಗಿ ಲೆಕ್ಕಕ್ಕೆ 35.6 ಸೆಂ.ಮೀ. ಎತ್ತರ ಸಾಕು, ನಮಗೆ ಬೇಕಾಗಿದ್ದು 41. ಎಕ್ಸಿಬಿಷನ್ ದಿನ ಎರಡೂ ಲೂಪ್ ಪಕ್ಕಪಕ್ಕ ಇಟ್ಟು 41ಕ್ಕೆ ಗೆರೆ ಹಾಕಿದ್ವಿ, ಬಂದ ಮಕ್ಳು ದುಂಡು ಲೂಪಲ್ಲಿ ಗೋಲಿ ಬಿದ್ದಿದ್ದು ನೋಡಿ ತಕ್ಷಣ ಇನ್ನೊಂದರಲ್ಲಿ ಬಿಡ್ತಿದ್ರು, ಅದು ಸುತ್ತು ಹೊಡೆದು ಆಚೆ ಬಂದಾಗ ಯಾಕೆ ಹೀಗೆ ಅಂತ ಮಗಳನ್ನೇ ಕೇಳ್ತಿದ್ರು, ಅವ್ಳು ಬೆರಳಲ್ಲಿ ನೆತ್ತಿಯ ತಿರುವು ತೋರಿಸಿ ಹೇಳ್ತಿದ್ಲು.