ಹಾಸಿಗೆ ಹಿಡಿದವರ ಮೂತ್ರದ ಆರೈಕೆ: ಮನೆಯವರು ಕಲಿಯಬೇಕಾದದ್ದು

ಪಾರ್ಶ್ವವಾಯುವಿನಿಂದಲೋ ಸೊಂಟದ ಮೂಳೆ ಮುರಿದೋ ಹಾಸಿಗೆ ಹಿಡಿದ ಹಿರಿಯರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದವರು ಗುಳಿಗೆ ಮತ್ತು ಊಟದ ವಿಷಯದಲ್ಲಿ ತೋರುವ ಎಚ್ಚರವನ್ನು ಮೂತ್ರದ ವಿಷಯದಲ್ಲಿಯೂ ತೋರಬೇಕು. ಹಾಸಿಗೆ ಮೇಲಿಂದ ಮೇಲೆ ಒದ್ದೆಯಾಗುತ್ತದೆ ಎಂದು ಮನೆಯವರು ನೀರು ಕಡಿಮೆ ಕೊಡುತ್ತಾರೆ. ಸೊಸೆಗೆ ಏಕೆ ಕಷ್ಟ ಕೊಡಬೇಕು ಎಂದು ಹಿರಿಯರೂ ಕೇಳಿ ಕುಡಿಯುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ಯಾದಗಿರಿಯಂಥ ಊರುಗಳಲ್ಲಿ ಇದು ದೊಡ್ಡ ಅಪಾಯ. ನೀರು ಸಾಲದೆ ಗಟ್ಟಿಯಾದ ಮೂತ್ರವು ಮೂತ್ರಕೋಶವನ್ನು ಕೆರಳಿಸುತ್ತದೆ, ಉರಿ ತರುತ್ತದೆ, ಸೋಂಕಿಗೂ ಕಲ್ಲಿಗೂ ದಾರಿ ಮಾಡಿಕೊಡುತ್ತದೆ.

ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯನ್ನೇ ಪಾಲಿಸಬೇಕು. ಅಂಥ ಮಿತಿಯಿಲ್ಲದ ವಯಸ್ಕರಿಗೆ ನೀರು, ಮಜ್ಜಿಗೆ, ಗಂಜಿ, ಅಂಬಲಿ ಎಲ್ಲ ಸೇರಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಬಿಸಿಲುಗಾಲದಲ್ಲಿ ಇನ್ನೂ ತುಸು ಹೆಚ್ಚು ಬೇಕಾಗುತ್ತದೆ. ಇದರ ಬಹುಪಾಲನ್ನು ಹಗಲಿನಲ್ಲಿಯೇ ಸ್ವಲ್ಪಸ್ವಲ್ಪವಾಗಿ ಕುಡಿಸಿ, ಮಲಗುವ ಮುಂಚಿನ ಎರಡು ಗಂಟೆಗಳಲ್ಲಿ ಕಡಿಮೆ ಮಾಡಿದರೆ ರಾತ್ರಿಯ ತೊಂದರೆ ತಗ್ಗುತ್ತದೆ. ನುಂಗಲು ಕಷ್ಟಪಡುವವರನ್ನು ಮಲಗಿಸಿಕೊಂಡು ಕುಡಿಸಬಾರದು.

ಗುರುತು ಹಾಕಿದ ಒಂದು ಅಳತೆಯ ಜಗ್ಗನ್ನು ಇದಕ್ಕೆಂದೇ ಇಟ್ಟು, ಕುಡಿದದ್ದನ್ನೂ ಹೋದದ್ದನ್ನೂ ಹೊತ್ತಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಾಕಷ್ಟು ನೀರು ಕುಡಿಯುವ ವಯಸ್ಕರಲ್ಲಿ ದಿನಕ್ಕೆ ಸುಮಾರು 800ರಿಂದ 2000 ಮಿಲಿ ಮೂತ್ರವಾಗುತ್ತದೆ. 24 ಗಂಟೆಯಲ್ಲಿ 400 ಮಿಲಿಗಿಂತ ಕಡಿಮೆಯಾದರೆ ವೈದ್ಯರಿಗೆ ತಿಳಿಸಲು ತಡಮಾಡಬಾರದು. ಬಣ್ಣ ತಿಳಿಹಳದಿ ಇರಬೇಕು. ಕ್ಷಯರೋಗದ ಗುಳಿಗೆಗಳಲ್ಲಿ ಒಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕೇಸರಿಯಾಗುವುದು ಸಹಜ, ಅದಕ್ಕೆ ಹೆದರಿ ಗುಳಿಗೆ ನಿಲ್ಲಿಸಬೇಡಿ.

ಕ್ಯಾಥೆಟರ್ (ಮೂತ್ರ ಹೊರತರಲು ಮೂತ್ರಕೋಶಕ್ಕೆ ಹಾಕುವ ನಳಿಕೆ) ಇಲ್ಲದವರನ್ನು ಎದ್ದ ಕೂಡಲೇ, ಊಟವಾದ ಮೇಲೆ, ಮಲಗುವ ಮುನ್ನ, ಹಗಲಿನಲ್ಲಿ ಎರಡು-ಮೂರು ಗಂಟೆಗೊಮ್ಮೆ ತಾವಾಗಿಯೇ ಕೇಳಿ ಮೂತ್ರಕ್ಕೆ ಕೂರಿಸುವುದು ಒಳ್ಳೆಯದು. ಬಾಗಿಲು ಮುಂದೆ ಮಾಡಿ ಅಥವಾ ಪರದೆ ಎಳೆದು ಮರೆ ಮಾಡುವುದನ್ನು ಯಾರೂ ಸಣ್ಣ ವಿಷಯವೆಂದು ತಿಳಿಯಬಾರದು. ಮಗನ ಎದುರು «ಏಕಿಗೆ ಹೋಗಬೇಕು» ಎನ್ನಲಾರದೆ ಗಂಟೆಗಟ್ಟಲೆ ತಡೆದುಕೊಳ್ಳುವ ತಾಯಂದಿರಿದ್ದಾರೆ. ಬೆಡ್‌ಪ್ಯಾನ್ ಕೊಡುವಾಗ ವೈದ್ಯರು ಬೇಡವೆನ್ನದಿದ್ದರೆ ತಲೆಯ ಭಾಗವನ್ನು ಎತ್ತರಿಸಿ, ಕೂತಂತೆ ಮಾಡಿದರೆ ಮೂತ್ರಕೋಶ ಚೆನ್ನಾಗಿ ಖಾಲಿಯಾಗುತ್ತದೆ. ನಲ್ಲಿಯ ನೀರು ಬೀಳುವ ಸದ್ದು ಕೆಲವರಿಗೆ ನೆರವಾಗುತ್ತದೆ, ಆದರೆ ಕಿಬ್ಬೊಟ್ಟೆಯನ್ನು ಒತ್ತಬಾರದು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ತೊಳೆದು ಒರೆಸಬೇಕು, ಏಕೆಂದರೆ ಅವರ ಮೂತ್ರನಾಳ ಗಿಡ್ಡವಾಗಿದ್ದು ಮಲದ್ವಾರದ ಕಡೆಯ ರೋಗಾಣುಗಳು ಬೇಗ ಒಳಸೇರುತ್ತವೆ.

ಕ್ಯಾಥೆಟರ್ ಹಾಕಿದ್ದರೆ ಹೊಣೆ ಹೆಚ್ಚು. ಅದನ್ನು ಮುಟ್ಟುವ ಮೊದಲೂ ಆಮೇಲೂ ಸೋಪು ಹಚ್ಚಿ ಕೈ ತೊಳೆಯಿರಿ. ಯೂರಿನ್ ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ಮಂಚದ ಪಟ್ಟಿಗೆ ತೂಗುತ್ತಿರಬೇಕು. ರೋಗಿಯನ್ನು ಎತ್ತಿ ಆಟೋದಲ್ಲಿ ಕೂರಿಸುವಾಗ ಬ್ಯಾಗನ್ನು ಹೊಟ್ಟೆಯ ಮೇಲೆ ಇಡುವುದು ಎಲ್ಲೆಡೆ ಕಾಣುವ ರೂಢಿ. ಹಾಗಿಟ್ಟರೆ ಬ್ಯಾಗಿನ ಮೂತ್ರ ಹಿಂದಕ್ಕೆ ಹರಿದು ಸೋಂಕನ್ನು ಒಳಗೆ ಒಯ್ಯಬಹುದು. ಬ್ಯಾಗ್ ಮೂರರಲ್ಲಿ ಎರಡು ಪಾಲು ತುಂಬುವಷ್ಟರಲ್ಲಿ ಖಾಲಿ ಮಾಡಿ, ಅದರ ಕೆಳಬಾಯಿ ಪಾತ್ರೆಗೆ ತಗಲದಂತೆ ನೋಡಿಕೊಳ್ಳಿ. ನಳಿಕೆ ದೇಹ ಸೇರುವ ಜಾಗವನ್ನು ದಿನವೂ ಸೋಪು-ನೀರಿನಿಂದ ತೊಳೆದು, ನಳಿಕೆಯನ್ನು ದೇಹದಿಂದ ಹೊರಮುಖವಾಗಿ ಒರೆಸಬೇಕು. ಗಂಡಸರಲ್ಲಿ ಹಿಂದೆ ಸರಿಸಿದ ಮುಂದೊಗಲನ್ನು ಮರೆಯದೆ ಮೊದಲಿನಂತೆ ಮುಂದಕ್ಕೆ ತರಬೇಕು, ಇಲ್ಲದಿದ್ದರೆ ಬಾವು ಬಂದು ಸಿಕ್ಕಿಹಾಕಿಕೊಳ್ಳುತ್ತದೆ. ಒಳಗೆ ನೀರು ತುಂಬಿದ ಬಲೂನು ನಳಿಕೆಯನ್ನು ಹಿಡಿದಿರುವುದರಿಂದ ಎಳೆದು ತೆಗೆಯುವ ಪ್ರಯತ್ನ ಎಂದಿಗೂ ಬೇಡ.

ಬ್ಯಾಗಿಗೆ ಮೂತ್ರ ಇಳಿಯುವುದು ನಿಂತರೆ ಮೊದಲು ನಳಿಕೆ ಎಲ್ಲಾದರೂ ಮಡಚಿದೆಯೇ, ರೋಗಿಯ ಮೈಕೆಳಗೆ ಸಿಕ್ಕಿದೆಯೇ ನೋಡಿ. ಅದೇನೂ ಇಲ್ಲದೆ ಕಿಬ್ಬೊಟ್ಟೆ ಉಬ್ಬಿ ನೋಯುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಕ್ಯಾಥೆಟರ್ ತೆಗೆಸಿದ ಮೇಲೆ ಆರು ಗಂಟೆಯಾದರೂ ಮೂತ್ರವಾಗದಿರುವುದು, ಚಳಿಜ್ವರ, ಪಕ್ಕೆಯ ಹಿಂಭಾಗದ ನೋವು, ಮೂತ್ರದಲ್ಲಿ ರಕ್ತ ಇವೂ ಕಾಯುವ ಲಕ್ಷಣಗಳಲ್ಲ. ಮುದುಕರಲ್ಲಿ ಜ್ವರವೇ ಇಲ್ಲದೆ ಇದ್ದಕ್ಕಿದ್ದಂತೆ ಮಾತು ತಡವರಿಸಿ, ಮನೆಯವರನ್ನು ಗುರುತಿಸದಂತಾದರೂ ವೈದ್ಯರು ಕೂಡಲೇ ನೋಡಬೇಕು. ಸೋಂಕಿರಬಹುದು, ಬೇರೆ ಗಂಭೀರ ಕಾರಣವೂ ಇರಬಹುದು. ಮಿಕ್ಕಿ ಉಳಿದ ಆ್ಯಂಟಿಬಯಾಟಿಕ್ ಗುಳಿಗೆಗಳನ್ನು ಮನೆಯಲ್ಲೇ ಕೊಡಬೇಡಿ. 108ಕ್ಕೆ ಕರೆ ಮಾಡಿ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೋ ಯಾದಗಿರಿಯ ಜಿಲ್ಲಾಸ್ಪತ್ರೆಗೋ ಹೋಗುವಾಗ ಅಳತೆ ಬರೆದ ನೋಟ್‌ಬುಕ್ಕನ್ನೂ ಕ್ಯಾಥೆಟರ್ ಹಾಕಿದ ದಿನಾಂಕವಿರುವ ಚೀಟಿಯನ್ನೂ ಜೊತೆಗೆ ಒಯ್ಯಿರಿ.