ಪಟ್ಟಿ ಮೊದಲು, ಲಾರಿ ಆಮೇಲೆ: ಸಾಂಕ್ರಾಮಿಕದ ದಿನಗಳಲ್ಲಿ ನೆರವು ಹಂಚುವುದು ಹೀಗೆ

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಕೊಪ್ಪಳದ ನಮ್ಮ ಚಿಕ್ಕ ಸೇವಾ ಸಂಸ್ಥೆಯ ಹತ್ತಿರ ಇದ್ದದ್ದು ಒಂದು ಬಾಡಿಗೆ ಕೋಣೆ, ಎರಡು ಬೈಕು, ಆರೇಳು ಜನ ಹುಡುಗರು. ನೋಡನೋಡುತ್ತಲೇ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ ಹೋಗಿದ್ದವರು ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಿಗೆ ಮರಳತೊಡಗಿದರು. ಕೈಯಲ್ಲಿ ಕೂಲಿ ಇಲ್ಲ, ಮನೆಯಲ್ಲಿ ಕಾಳಿಲ್ಲ. ಆಗ ನಾವು ಕೆಲವನ್ನು ಸರಿ ಮಾಡಿದೆವು, ಕೆಲವನ್ನು ತಪ್ಪು ಮಾಡಿ ಕಲಿತೆವು. ಮುಂದೆ ಇಂಥ ಹೊತ್ತು ಬಂದರೆ ನಿಮ್ಮೂರಿನ ಯುವಕ ಸಂಘ, ಮಹಿಳಾ ಸಂಘದವರಿಗೆ ದಾರಿ ಗೊತ್ತಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನೋಟ್‌ಬುಕ್ ಹಿಡಿದು ಓಣಿ ಸುತ್ತಿ

ದುಡ್ಡು ಸೇರಿದ ಕೂಡಲೇ ಅಕ್ಕಿ ಮೂಟೆ ತರಲು ಓಡಬೇಡಿ. ನಾವು ಓಡಿದ್ದೆವು. ಮೊದಲ ಸುತ್ತಿನಲ್ಲಿ ಗಾಡಿ ನಿಲ್ಲುವ ದೊಡ್ಡ ರಸ್ತೆಯ ಮನೆಗಳಿಗೆ ಎರಡೆರಡು ಸಲ ಚೀಲ ಹೋಯಿತು. ಊರ ಹೊರಗೆ ಗುಡಾರ ಹಾಕಿಕೊಂಡಿದ್ದ ಅಲೆಮಾರಿ ಕುಟುಂಬಗಳಿಗೆ ಒಂದೂ ಸಿಗಲಿಲ್ಲ. ಅವತ್ತು ರಾತ್ರಿ ನಮಗೆ ಯಾರಿಗೂ ಊಟ ಸೇರಲಿಲ್ಲ.

ಅದಕ್ಕೇ ಮೊದಲ ಎರಡು ದಿನ ಪಟ್ಟಿಗೆ ಇಡಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನ್ಯಾಯಬೆಲೆ ಅಂಗಡಿಯವರು, ಈ ಮೂವರನ್ನು ಕಂಡು ಮಾತಾಡಿ. 'ನಿಮ್ಮ ಪಟ್ಟಿಯಲ್ಲಿ ಯಾರಿದ್ದಾರೆ' ಅಂತ ಕೇಳಬೇಡಿ, 'ಯಾರಿಲ್ಲ' ಅಂತ ಕೇಳಿ. ಆಗ ಹೆಸರು ಹೊರಗೆ ಬರುತ್ತವೆ: ಗುಳೆಯಿಂದ ಬಂದು ಕಾರ್ಡಿನಲ್ಲಿ ಹೆಸರಿಲ್ಲದವರು, ಮಕ್ಕಳು ದೂರದ ಊರಲ್ಲಿರುವ ಒಂಟಿ ಮುದುಕರು, ಪಿಂಚಣಿಗೆ ಕಾಯುವ ಮಾಜಿ ದೇವದಾಸಿ ತಾಯಂದಿರು, ಗಿಣಿಗೇರಿ ಕಡೆಯ ಕಾರ್ಖಾನೆಗಳಿಗೆ ದುಡಿಯಲು ಬಂದ ಬೇರೆ ರಾಜ್ಯದ ಹುಡುಗರು. ಈಗ ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆ ಎಲ್ಲ ಕಡೆ ಇದೆ. ತಮ್ಮ ಊರಲ್ಲಿ ಕಾರ್ಡ್ ಇರುವ ಹೊರ ರಾಜ್ಯದವರು ಇಲ್ಲೇ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ, ಹೇಳಿಕೊಡಿ.

ಪ್ರತಿ ಮನೆ ಮುಂದೆ ನಾಲ್ಕು ಸಂಗತಿ ಬರೆಯಿರಿ: ಎಷ್ಟು ಜನ, ಕಾರ್ಡ್ ಇದೆಯೋ ಇಲ್ಲವೋ, ಒಲೆ ಯಾವುದು, ಯಾರಾದರೂ ದಿನಾ ಮಾತ್ರೆ ನುಂಗುವವರು ಇದ್ದಾರೆಯೇ.

ಹೆಜ್ಜೆ 2: ಒಲೆ ನೋಡಿ ಕಿಟ್ ಕಟ್ಟಿ

ಎಲ್ಲರಿಗೂ ಒಂದೇ ಕಿಟ್ ಅನ್ನುವುದು ಕಟ್ಟುವವರಿಗೆ ಸುಲಭ, ಉಣ್ಣುವವರಿಗೆ ಅಲ್ಲ. 2020ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ ಕಾರ್ಡ್ ಇದ್ದವರಿಗೆ ಮಾಮೂಲಿ ರೇಷನ್ ಅಲ್ಲದೆ ತಿಂಗಳಿಗೆ ತಲೆಗೆ 5 ಕೆ.ಜಿ. ಧಾನ್ಯವನ್ನು ಉಚಿತವಾಗಿ ಕೊಟ್ಟಿತು. ಐದು ಜನರ ಮನೆಗೆ ಹೆಚ್ಚುವರಿಯಾಗಿಯೇ 25 ಕೆ.ಜಿ. ಆಯಿತಲ್ಲ, ಅಂಥವರಿಗೆ ಮತ್ತೆ ಅಕ್ಕಿ ಯಾಕೆ? ಅವರಿಗೆ ಬೇಕಾಗಿದ್ದು ಎಣ್ಣೆ, ಬೇಳೆ, ಖಾರದ ಪುಡಿ, ಉಪ್ಪು, ಸಾಬೂನು. ಕಾರ್ಡ್ ಇಲ್ಲದವರ ಲೆಕ್ಕವೇ ಬೇರೆ. ದುಡಿಯುವ ಆಳಿಗೆ ದಿನಕ್ಕೆ ಸುಮಾರು ಅರ್ಧ ಕೆ.ಜಿ. ಕಾಳು ಬೇಕು. ಮಕ್ಕಳು, ಮುದುಕರು ಸೇರಿ ಐದು ಜನರ ಮನೆಗೆ ದಿನಕ್ಕೆ 2 ಕೆ.ಜಿ. ಹಿಡಿಯಿರಿ. 5 ಕೆ.ಜಿ. ಚೀಲ ಮೂರನೇ ದಿನಕ್ಕೆ ಖಾಲಿ. 14 ದಿನ ಮನೆಯಲ್ಲೇ ಇರಿ ಅಂತ ಹೇಳಿದ ಮನೆಗೆ 28 ಕೆ.ಜಿ. ಕೊಡಬೇಕು. ಅಷ್ಟು ಕೊಡಲು ಆಗದಿದ್ದರೆ ಮನೆಗಳ ಸಂಖ್ಯೆ ಕಡಿಮೆ ಮಾಡಿ, ಚೀಲದ ತೂಕ ಕಡಿಮೆ ಮಾಡಬೇಡಿ.

ಜೋಳದ ವಿಷಯಕ್ಕೆ ಬರುತ್ತೇನೆ. ಹಿಟ್ಟು ಕೊಟ್ಟರೆ ಪಾಪ ಗಿರಣಿಗೆ ಅಲೆಯುವುದು ತಪ್ಪುತ್ತದೆ ಅಂತ ಒಂದು ಸಲ ನಾವು ಬೀಸಿದ ಹಿಟ್ಟನ್ನೇ ಚೀಲ ಚೀಲ ತಂದು ಹಂಚಿದೆವು. ಮರುದಿನ ಒಬ್ಬ ಅಜ್ಜಿ ಕೂಗಿ ಕರೆದರು. ಪರಾತದಲ್ಲಿ ಬಿಸಿನೀರು ಹಾಕಿ ನಾದಿದ ಹಿಟ್ಟನ್ನು ನಮ್ಮೆದುರೇ ಬಡಿದು ತೋರಿಸಿದರು. ಅಂಗೈ ಅಗಲ ಆಗುವ ಮೊದಲೇ ಅಂಚು ಸೀಳಿತು. ಹಂಚಿಗೆ ಎತ್ತಿ ಹಾಕುವಾಗ ಎರಡು ತುಂಡು. "ತಮ್ಮಾ, ಇದು ಹಳೇ ಹಿಟ್ಟೈತಿ, ಜಿಗಿ ಹೋಗೇತಿ. ಕಾಳು ಕೊಡ್ರಿ, ನಾ ಬೀಸಿಕೊಂತೀನಿ" ಅಂದರು. ಜೋಳದ ಹಿಟ್ಟು ಇಟ್ಟಷ್ಟೂ ಜಿಗಿ ಕಳೆದುಕೊಳ್ಳುತ್ತದೆ, ಕಹಿಯೂ ಆಗುತ್ತದೆ. ಅಂದಿನಿಂದ ನಾವು ಕಾಳನ್ನೇ ಕೊಟ್ಟೆವು, ಊರ ಗಿರಣಿಯವರಿಗೆ ಬೀಸುವ ದುಡ್ಡು ಮುಂಗಡ ಕೊಟ್ಟು ಚೀಟಿ ಮಾಡಿಸಿದೆವು.

ಒಲೆಯೇ ಇಲ್ಲದವರಿಗೆ? ಕೊಪ್ಪಳದ ಗವಿಮಠದ ಜಾತ್ರೆ ನೋಡಿದವರಿಗೆ ಉತ್ತರ ಗೊತ್ತು. ದಾಸೋಹಕ್ಕೆ ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತವಲ್ಲ, ಹಾಗೇ ಮನೆಗೆ ಹತ್ತು ಕಡಕ್ ರೊಟ್ಟಿ ಕೇಳಿ. ಚೆನ್ನಾಗಿ ಒಣಗಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಇದ್ದರೆ ಊಟ ಮುಗಿಯಿತು. ರಸ್ತೆಯಲ್ಲಿ ನಡೆದು ಬರುತ್ತಿದ್ದವರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ನನಗೆ ಗೊತ್ತಿಲ್ಲ. ಕಿಟ್‌ನಲ್ಲಿ ಚಹಾಪುಡಿ, ಸಕ್ಕರೆ ಬಿಡಬೇಡಿ. ಹಲ್ಲಿಲ್ಲದ ಹಿರಿಯರು ಕಡಕ್ ರೊಟ್ಟಿ ತಿನ್ನುವುದು ಚಹಾದಲ್ಲಿ ಅದ್ದಿಯೇ.

ಹೆಜ್ಜೆ 3: ಪಾಸು, ಲೆಕ್ಕ

ತಹಶೀಲ್ದಾರ್ ಕಚೇರಿಗೆ ಗಾಡಿ ನಂಬರ್, ಹೋಗುವವರ ಹೆಸರು ಬರೆದುಕೊಟ್ಟು ಪಾಸು ತೆಗೆದುಕೊಳ್ಳಿ. ಬಂದ ಹಣಕ್ಕೆ ರಸೀದಿ, ಹೋದ ಹಣಕ್ಕೆ ಬಿಲ್ಲು. ವಾರಕ್ಕೊಮ್ಮೆ ಲೆಕ್ಕವನ್ನು ಬಾಗಿಲಿಗೆ ಅಂಟಿಸಿ.

ಹೆಜ್ಜೆ 4: ಮನೆ ಬಾಗಿಲಿಗೇ ಕೊಡಿ

ಜನರನ್ನು ಒಂದೆಡೆ ಕರೆದರೆ ದೂರ ದೂರ ನಿಲ್ಲಲು ನೆಲಕ್ಕೆ ಎಷ್ಟೇ ಸುಣ್ಣದ ವೃತ್ತ ಬರೆದರೂ ನೂಕುನುಗ್ಗಲು ಆಗುತ್ತದೆ, ಸೋಂಕು ಹಂಚಿದ ಹಾಗೇ. ಏಪ್ರಿಲ್ ಬಿಸಿಲಂತೂ ಹೇಳುವುದೇ ಬೇಡ. ಬೆಳಿಗ್ಗೆ ಒಂಬತ್ತರೊಳಗೆ ಮನೆಮನೆಗೆ ಹೋಗಿ ಕಟ್ಟೆ ಮೇಲೆ ಚೀಲ ಇಟ್ಟು, ಆರು ಅಡಿ ಹಿಂದೆ ಸರಿದು, ಹೆಸರು ಹಿಡಿದು ಕರೆಯಿರಿ. ಮಾಸ್ಕ್ ಹಾಕಿಕೊಂಡೇ ಮಾತಾಡಿ.

ಫೋಟೊ ಬೇಡವೇ ಬೇಡ. ಮಗನ ವಯಸ್ಸಿನವರಿಂದ ಚೀಲ ಇಸಿದುಕೊಳ್ಳುವಾಗ ಸೆರಗಿನಿಂದ ಮುಖ ಮುಚ್ಚಿಕೊಂಡ ತಾಯಂದಿರನ್ನು ನಾನು ನೋಡಿದ್ದೇನೆ. ದಾನಿಗಳಿಗೆ ಜೋಡಿಸಿಟ್ಟ ಚೀಲಗಳ ಚಿತ್ರ, ಬಿಲ್ಲು ಕಳಿಸಿ. ಅಷ್ಟು ಸಾಲದು ಅನ್ನುವವರ ದುಡ್ಡು ನಮಗೆ ಬೇಡ ಅಂತ ನಾವು ತೀರ್ಮಾನಿಸಿದ್ದೆವು.

ಹೆಜ್ಜೆ 5: ಮಾತ್ರೆ, ಉಸಿರು

ಪಟ್ಟಿಯ ನಾಲ್ಕನೇ ಕಾಲಂ ಈಗ ಕೆಲಸಕ್ಕೆ ಬರುತ್ತದೆ. ಬಿಪಿ, ಶುಗರ್ ಮಾತ್ರೆ ತಪ್ಪಬಾರದು. ಟಿಬಿ ಮಾತ್ರೆಯಂತೂ ಒಂದು ದಿನವೂ ನಿಲ್ಲಬಾರದು. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ತಂದುಕೊಡುವ ಕೈ ಬೇಕು ಅಷ್ಟೆ. 2021ರ ಎರಡನೇ ಅಲೆಯಲ್ಲಿ ಹುಡುಗರಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಿಡಿಯುವುದನ್ನು ಕಲಿಸಿದೆವು. ಐದು ನಿಮಿಷ ಸುಮ್ನೆ ಕೂರಿಸಿ, ಉಗುರುಬಣ್ಣ ಇದ್ದರೆ ಒರೆಸಿ, ಆಮೇಲೆ ಬೆರಳು ಇಡಿಸಿ. 94ಕ್ಕಿಂತ ಕಡಿಮೆ ತೋರಿಸಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಹೆಜ್ಜೆ 6: ಕಿಟ್ ಯಾವಾಗ ನಿಲ್ಲಿಸಬೇಕು

ಕೆಲಸ ಸಿಕ್ಕಾಗ. 2020ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 275 ರೂಪಾಯಿ ಇತ್ತು. ಜಾಬ್ ಕಾರ್ಡ್ ಇಲ್ಲದವರಿಗೆ ಅರ್ಜಿ ಬರೆದುಕೊಟ್ಟು, ಪಂಚಾಯಿತಿಯಿಂದ ದಿನಾಂಕ ಹಾಕಿದ ಸ್ವೀಕೃತಿ ಇಸಿದುಕೊಂಡೆವು. ಕೇಳಿದ 15 ದಿನದೊಳಗೆ ಕೆಲಸ ಕೊಡಬೇಕು ಅನ್ನುವುದು ಕಾನೂನು. ಆ ಚೀಟಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಆದರೆ ಕೆಲಸಕ್ಕೆ ಹೋದ ದಿನವೇ ಕೂಲಿ ಕೈಗೆ ಬರುವುದಿಲ್ಲ, ಖಾತೆಗೆ ಬೀಳಲು ಎರಡು ವಾರ ಹಿಡಿಯಬಹುದು. ಅದಕ್ಕೇ ಗುದ್ದಲಿ ಹಿಡಿದು ಹೊರಟ ಮೇಲೂ ಆ ಮನೆಗೆ ಇನ್ನೊಂದು ಕಿಟ್ ಇಟ್ಟುಕೊಂಡಿರಿ. ಮೊದಲ ಕೂಲಿ ಬಿತ್ತು ಅಂತ ಅವರೇ ಹೇಳಿದ ದಿನ ಪಟ್ಟಿಯಿಂದ ಹೆಸರು ತೆಗೆಯಿರಿ.