ಎಸೆಯೋಕೆ ಹೇಳಿದ್ದ ಮೋಟರ್ ಈಗ ಜೀನ್ಸ್ ಹೊಲೀತಿದೆ

ನನ್ನ ಸಿಂಗರ್ 201ಕೆ2 ಹೊಲಿಗೆ ಮಿಷನ್ನನ್ನ ಮೂರು ಜನ ಮೆಕ್ಯಾನಿಕ್‌ಗಳು ಬೇರೆ ಬೇರೆ ದಿನ ನೋಡಿ ಒಂದೇ ಮಾತು ಹೇಳಿದ್ರು, "ಮೋಟರ್ ಕಿತ್ತು ಎಸೀರಿ, ಹೊರಗಡೆ ಒಂದು ಬೆಲ್ಟ್ ಮೋಟರ್ ಕೂರ್ಸಿ" ಅಂತ. ಈ ಮಿಷನ್ ಬಿಚ್ಚಿದವ್ರಿಗೆ ಗೊತ್ತು ಈ ಮಾತು ಎಷ್ಟು ಉರಿಸುತ್ತೆ ಅಂತ. ಮೋಟರ್ ಮಿಷನ್ ಮೈಗೇ ಅಂಟ್ಕೊಂಡು ಬೆಲ್ಟೇ ಇಲ್ದೆ ಸ್ಕ್ರೂ ಥರದ ವರ್ಮ್ ಗೇರಿಂದ ಚಕ್ರ ತಿರುಗ್ಸೋದೇ ಅದರ ಮಜಾ, ಅದನ್ನೇ ತೆಗೆದ್ಮೇಲೆ 201 ಇಟ್ಕೊಂಡು ಏನ್ ಮಾಡೋದು. ಮಾಡಿದ ಕಾರ್ಖಾನೆ ಸ್ಕಾಟ್ಲೆಂಡಿನ ಕಿಲ್ಬೋವಿ, ಆ 'ಕೆ' ಅಂದ್ರೆ ಅದೇ, ಅದೂ 1980ರಲ್ಲೇ ಬಾಗಿಲು ಹಾಕ್ತು, ಹಾಗಾಗಿ ಹೊಸ ಒರಿಜಿನಲ್ ಆರ್ಮೇಚರ್ (ಮೋಟರ್ ಒಳಗೆ ತಿರುಗೋ, ತಂತಿ ಸುತ್ತಿದ ಭಾಗ) ಸಿಗುತ್ತೆ ಅಂತ ಕಾಯೋದು ವೇಸ್ಟ್.

ಮಿಷನ್ ಮೇಲ್ಭಾಗದ ಕೆಲಸ ಬೇಗ ಮುಗೀತು, ಎಲ್ರೂ ಮಾಡೋದೇ, ಸೀಮೆಎಣ್ಣೆ, ಹೇರ್ ಡ್ರೈಯರ್, ತಾಳ್ಮೆ. ಒಂದೇ ಎಚ್ಚರ, ಬಂಗಾರದ ಬಣ್ಣದ ಡಿಸೈನ್ ಮೇಲೆ ಸ್ಪಿರಿಟ್ ಹಾಕಬೇಡಿ, ಮೇಲಿರೋ ಶೆಲಾಕ್ ಕರಗಿ ಬೆಳ್ಳಗಾಗುತ್ತೆ. ನನ್ನ ಮೊದಲ ಮಿಷನ್ನಿನ ಸಿಂಗರ್ ಹೆಸರಲ್ಲಿ ಈಗ ಎರಡೇ ಅಕ್ಷರ ಉಳಿದಿವೆ.

ಜೀವ ತಿಂದಿದ್ದು ಮೋಟರ್. ಪೆಡಲ್ ಒತ್ತಿದ್ರೆ ಬ್ರಷ್ (ಆರ್ಮೇಚರಿಗೆ ಕರೆಂಟ್ ಕೊಡೋ ಕಾರ್ಬನ್ ತುಂಡು) ಹತ್ರ ಸುತ್ತಲೂ ನೀಲಿ ಕಿಡಿ ಬಳೆ ಥರ ಉರಿಯೋದು, ಎರಡು ನಿಮಿಷಕ್ಕೆ ಸುಟ್ಟ ವಾಸನೆ, ಆಮೇಲೆ ಸುಸ್ತಾಗಿ ನಿಂತುಬಿಡೋದು. ರೀವೈಂಡಿಂಗ್‌ನವನು ಆರ್ಮೇಚರ್ ಕೈಯಲ್ಲಿ ಹಿಡಿದು ಮೂಸಿ ನೋಡಿ ಹೋಗಿದೆ ಅಂದ, ಅವನು ಕೇಳಿದ ದುಡ್ಡಲ್ಲಿ ಇಂಥದ್ದೇ ಇನ್ನೊಂದು ಮಿಷನ್ ಬರ್ತಿತ್ತು. ಬೇಡ ಅಂತ ಹಳೇ ಮೋಟರ್ ಎರಡು ತಗೊಂಡೆ. ಒಂದರ ಆರ್ಮೇಚರನ್ನ ನಾನೇ ಸುಟ್ಟೆ, ಕ್ಲೀನ್ ಆಗ್ಲಿ ಅಂತ ಥಿನ್ನರಲ್ಲಿ ರಾತ್ರಿಯೆಲ್ಲಾ ಮುಳುಗಿಸಿಟ್ಟಿದ್ದೆ, ಬೆಳಿಗ್ಗೆ ವಾರ್ನಿಶ್ ಪೂರ್ತಿ ಥಿನ್ನರ್ ಪಾಲು, ಕರೆಂಟ್ ಕೊಟ್ಟಿದ್ದಷ್ಟೇ. ಇನ್ನೊಂದರ ಬುಷ್, ಅಂದ್ರೆ ಶಾಫ್ಟ್ ತಿರುಗೋ ಲೋಹದ ಕೊಳವೆ, ಜಾಮ್ ಆಯ್ತು, ಬೇರಿಂಗ್ ಗ್ರೀಸ್ ಹಾಕಿದ್ದೆ. ಅಷ್ಟೊತ್ತಿಗೆ ಮಿಷನ್‌ಗೆ ಕೊಟ್ಟಿದ್ದರ ಮೂರು ಪಟ್ಟು ಮೋಟರಿಗೇ ಸುರಿದಿದ್ದೆ, ಮನೇಲಿ ಲೆಕ್ಕ ಹೇಳಿಲ್ಲ.

ಆ ಬೇರಿಂಗ್ ಗ್ರೀಸ್ ಯಾಕೆ ಆಗಲ್ಲ ಅನ್ನೋದು ಹೊಳೆದ್ಮೇಲೇ ದಾರಿ ಸಿಕ್ಕಿದ್ದು. ಈ ಮೋಟರಿನ ಗ್ರೀಸ್ ಟ್ಯೂಬಲ್ಲಿ ಬತ್ತಿ ಇದೆಯಲ್ಲ, ಮೋಟರ್ ಬಿಸಿಗೆ ಗ್ರೀಸ್ ಕರಗಿ ಬತ್ತಿ ಮೂಲಕ ಇಳೀಬೇಕು. ವ್ಯಾಸಲಿನ್ ಥರ ಬೇಗ ಕರಗೋ ಗ್ರೀಸೇ ಬೇಕು, ಬೇರಿಂಗ್ ಗ್ರೀಸ್ ಆ ಬಿಸಿಗೆ ಕರಗಲ್ಲ, ಟ್ಯೂಬ್ ತುಂಬಿದ್ರೂ ಬುಷ್ ಒಣಗೇ ಇರುತ್ತೆ. ಗ್ರೀಸ್ ಬದಲು ಎಣ್ಣೆ ಹಾಕಿದ್ರೆ ಇನ್ನೊಂದು ರೋಗ, ಹರಿದು ಕಮ್ಯುಟೇಟರ್ (ಆರ್ಮೇಚರಿನ ತುದಿಲಿ ಬ್ರಷ್ ಉಜ್ಜೋ ತಾಮ್ರದ ಪಟ್ಟಿಗಳ ಸುತ್ತು) ಮೇಲೆ ಬಂದು ಕಾರ್ಬನ್ ಪುಡಿ ಜೊತೆ ಸೇರಿ ಕಪ್ಪು ಪೇಸ್ಟ್ ಆಗಿ ಪಟ್ಟಿಗಳ ಮಧ್ಯೆ ಕೂರುತ್ತೆ. ನನ್ನ ಮೂಲ ಮೋಟರಲ್ಲಿ ಆಗಿದ್ದು ಇದೇ. ಯಾರೋ ಪುಣ್ಯಾತ್ಮರು ವರ್ಷಗಟ್ಟಲೆ ಎಣ್ಣೆ ಕುಡಿಸಿದ್ರು.

ಟೇಬಲ್ ಲ್ಯಾಂಪ್ ಕೆಳಗೆ ಭೂತಗನ್ನಡಿ ಹಿಡಿದು ನೋಡಿದೆ. ತಾಮ್ರ ಸವೆದು ಕೆಳಗಿಳಿದಿದೆ, ಪಟ್ಟಿಗಳ ಮಧ್ಯೆ ಕರೆಂಟ್ ತಡೆಯೋ ಮೈಕಾ ಹಂಗೇ ನಿಂತು ಮೇಲೆದ್ದಿದೆ, ಉಗುರಾಡಿಸಿದ್ರೆ ಟಕ್ ಟಕ್ ಅಂತ ತಾಗುತ್ತೆ. ಬ್ರಷ್ ಅದರ ಮೇಲೆ ಕುಣಿದ್ರೆ ಕಿಡಿ ಬರ್ದೆ ಇನ್ನೇನು! ಹ್ಯಾಕ್ಸಾ ಬ್ಲೇಡನ್ನ ಉಜ್ಜಿ ಉಜ್ಜಿ ಮೈಕಾ ದಪ್ಪಕ್ಕೆ ತಂದು ಒಂದೊಂದೇ ಸಂದಿ ಕೆರೆದೆ, ಅರ್ಧ ಮಿಲಿಮೀಟರ್ ಮೇಲೆ ಸ್ವಲ್ಪ ಆಳ, ಎರಡು ಸಂಜೆ ಹಿಡೀತು. ಅಂಚಲ್ಲಿ ಎದ್ದ ತಾಮ್ರದ ಸಿಪ್ಪೆ ಹಲ್ಲುಜ್ಜೋ ಬ್ರಷ್ಷಲ್ಲಿ ತೆಗೆದೆ. ಎಮರಿ ಪೇಪರ್ ಮುಟ್ಟಬೇಡಿ, ಅದರ ಪುಡಿ ಸಂದಿಲಿ ಕೂತು ಮತ್ತೆ ಶಾರ್ಟ್ ಮಾಡುತ್ತೆ, ಮರಕ್ಕೆ ಉಜ್ಜೋ ಸಣ್ಣ ಸ್ಯಾಂಡ್ ಪೇಪರ್ ಸಾಕು. ಲೇತ್ ಇಲ್ದೆ ಆರ್ಮೇಚರ್ ಸೆಂಟರ್ ತಪ್ಪದಂಗೆ ಹೆಂಗೆ ತಿರುಗಿಸಿದೆ ಅಂತ ಎಲ್ರೂ ಕೇಳ್ತಾರೆ, ಅದು ನನ್ನ ಹತ್ರಾನೇ ಇರ್ಲಿ. ಬ್ರಷ್ ಸ್ಪ್ರಿಂಗಿಗೂ ಒಂದು ಕೆಲಸ ಮಾಡ್ತೀನಿ, ಅದೂ ಅಷ್ಟೇ.

ಆಮೇಲೆ ಮೀಟರ್ ಹಿಡಿದು ಪಕ್ಕ ಪಕ್ಕದ ತಾಮ್ರದ ಪಟ್ಟಿ ನೋಡಿದ್ರೆ ಸುತ್ತಲೂ ಒಂದೇ ರೀಡಿಂಗ್, ಶಾಫ್ಟಿಗೆ ಎಲ್ಲೂ ತಾಗ್ತಿಲ್ಲ. ಅಂದ್ರೆ ಆ ಮೂಸಿ ನೋಡಿದವನ ಮೂಗು ಸುಳ್ಳು. ಒಂದು ಇಡೀ ದಿನ ಬಲ್ಬ್ ಕೆಳಗಿಟ್ಟು ತೇವ ಆರಿಸಿ, ಉದುರ್ತಿದ್ದ ವೈರ್ ಎಲ್ಲಾ ಬದಲಾಯಿಸಿ, ಸೀರೀಸಲ್ಲಿ ಅರವತ್ತು ವ್ಯಾಟ್ ಬಲ್ಬ್ ಹಾಕಿ ಅರ್ಧ ಗಂಟೆ ಸುಮ್ನೆ ಓಡಿಸಿದೆ. ಕಿಡಿ ಇದೆ, ಆದ್ರೆ ಬ್ರಷ್ ಅಂಚಲ್ಲಿ ಸಾಸಿವೆ ಕಾಳಷ್ಟು. ವಾಪಸ್ ಕೂರಿಸುವಾಗ ವರ್ಮ್‌ಗೂ ಚಕ್ರದ ಕಡೆಯ ಫೈಬರ್ ಗೇರಿಗೂ ಮಧ್ಯೆ ಒಂದು ಚೂರು ಪೇಪರ್ ಇಟ್ಟು ಸ್ಕ್ರೂ ಬಿಗಿದು ಪೇಪರ್ ತಿರುಗಿಸಿ ತೆಗೆದೆ, ಬಿಗಿ ಜಾಸ್ತಿ ಆದ್ರೆ ಕುಯ್ಯ್ ಅಂತ ಅಳುತ್ತೆ.

ಸುಮ್ನಿರಲಾರದೆ ಎರಡು ಪ್ರಯೋಗ ಮಾಡಿದೆ. ಕಾರ್ಬನ್ ಬಿಲ್ಲೆಯ ಪೆಡಲ್ ಬಿಟ್ಟು ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಹಾಕಿ ನೋಡಿದೆ, ದಂಡ, ನಿಧಾನಕ್ಕೆ ಹೊರಡ್ದೆ ಒಮ್ಮೆಲೇ ಚಿಮ್ಮಿ ಸೂಜಿ ಮುರೀತು. ಇಂಥ ಬ್ರಷ್ ಇರೋ ಯೂನಿವರ್ಸಲ್ ಮೋಟರ್ ಡಿಸಿಗೂ ಓಡುತ್ತಲ್ಲ ಅಂತ ಎಸಿನ ಡಿಸಿ ಮಾಡೋ ಬ್ರಿಡ್ಜ್ ರೆಕ್ಟಿಫೈಯರ್ ಹಾಕಿದೆ, ಸ್ವಲ್ಪ ಮೆತ್ತಗೆ ಓಡ್ತು ಅನ್ನಿಸ್ತು, ಅಥವಾ ಅನ್ನಿಸಬೇಕು ಅಂತ ಅನ್ನಿಸ್ತೋ ಏನೋ, ಬಿಚ್ಚಿಟ್ಟೆ.

ಜೀನ್ಸ್ ಕಾಲಿನ ಹೊಲಿಗೆ ಸೇರೋ ಕಡೆ ಪದರದ ಮೇಲೆ ಪದರ ಇರುತ್ತೆ, ಚಕ್ರಕ್ಕೆ ಕೈ ಹಾಕ್ದೇ ದಾಟಿತು. ಎಸೀರಿ ಅಂದವ್ರಲ್ಲಿ ಒಬ್ರನ್ನ ಕರೆದು ತೋರಿಸಿದೆ, ಅವ್ರು ಮಾತಾಡ್ಲಿಲ್ಲ, ಮೋಟರ್ ಮೇಲೆ ಕೈ ಇಟ್ಟು ಬಿಸಿ ನೋಡಿ ಯಾವ ಗ್ರೀಸ್ ಅಂದ್ರು. ಈಗ ವರ್ಷ ದಾಟಿದೆ. ಮೊನ್ನೆ ಬ್ರಷ್ ತೆಗೆದು ನೋಡಿದೆ, ಒಂದು ಹೆಚ್ಚೂಕಡಿಮೆ ಹೊಸದರಂಗೇ ಇದೆ, ಇನ್ನೊಂದು ಒಂದು ಮಿಲಿಮೀಟರ್ ಹತ್ರ ಸವೆದಿದೆ, ಯಾಕೆ ಅಂತ ಇನ್ನೂ ಹೊಳೆದಿಲ್ಲ.